ಬಿಟಿ ಹತ್ತಿ: ಗುಲಾಬಿ ಕಾಯಿಕೊರಕ ಬಿಟಿಗೂ ಎಣ್ಣೆಗೂ ಒಗ್ಗಿಹೋಗದಂತೆ ಬೆಳೆ ನಡೆಸುವ ಕ್ರಮ

“ಬಿಟಿ ಬೀಜ ಹಾಕಿದ ಮೇಲೂ ಕಾಯಿಯೊಳಗೆ ಹುಳು ಏಕೆ?” ಬಿತ್ತನೆಗೆ ಮುಂಚೆ ಒಮ್ಮೆ, ದಸರೆ ದಾಟಿದ ಮೇಲೆ ಇನ್ನೊಮ್ಮೆ ಓದುಗರು ಕೇಳುವ ಪ್ರಶ್ನೆ ಇದೇ. ಕೇಳುವವರಲ್ಲಿ ರಾಯಚೂರು, ಯಾದಗಿರಿ, ಹಾವೇರಿ, ಎಚ್‌.ಡಿ. ಕೋಟೆಯ ಬೆಳೆಗಾರರಿದ್ದಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದುಕೊಂಡು ಊರಿನ ಹೊಲವನ್ನು ಫೋನಿನಲ್ಲೇ ನೋಡಿಕೊಳ್ಳುವವರೂ ಕಡಿಮೆಯಿಲ್ಲ. ಇಬ್ಬರಿಗೂ ಉಪಯೋಗಕ್ಕೆ ಬರಲೆಂದು ಬೀಜ ಕೊಳ್ಳುವುದರಿಂದ ಕಟ್ಟಿಗೆ (ಬಿಡಿಸಿ ಮುಗಿದ ಹತ್ತಿ ಗಿಡ) ಕೀಳುವವರೆಗಿನ ಕೆಲಸವನ್ನು ಇಲ್ಲಿ ಕ್ರಮವಾಗಿ ಬರೆದಿದೆ.

ಒಂದು ಮಾತನ್ನು ಮೊದಲೇ ಹೇಳಬೇಕು. ನಿರೋಧಕತೆಯನ್ನು, ಅಂದರೆ ಹುಳು ವಿಷಕ್ಕೆ ಒಗ್ಗಿ ಸಾಯದೆ ಉಳಿಯುವುದನ್ನು, ತಡೆಯುವ ಕೆಲಸದ ದೊಡ್ಡ ಪಾಲು ಇರುವುದು ಬೀಜದ ಆಯ್ಕೆಯಲ್ಲಿ ಮತ್ತು ಬೆಳೆ ಮುಗಿಸುವ ರೀತಿಯಲ್ಲಿ. ನಡುವಿನ ಸಿಂಪಡಣೆ ಅದರಲ್ಲಿ ಚಿಕ್ಕ ಭಾಗ. ನಮ್ಮಲ್ಲಿ ಆಗುತ್ತಿರುವುದು ಇದರ ತಿರುಗುಮುರುಗು: ಹಣವೆಲ್ಲ ಎಣ್ಣೆಗೆ (ಕೀಟನಾಶಕಕ್ಕೆ) ಹೋಗುತ್ತದೆ, ಬೆಳೆ ಮಾರ್ಚ್‌ವರೆಗೂ ಹೊಲದಲ್ಲೇ ನಿಂತಿರುತ್ತದೆ.

ಮೊದಲು ತಿಳಿಯಬೇಕಾದ್ದು

ಬಿಟಿ ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಅದರ ವಂಶವಾಹಿ ಸೇರಿಸಿದ ಹತ್ತಿ ಗಿಡ ‘ಕ್ರೈ’ ಎಂಬ ಪ್ರೋಟೀನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮರಿಹುಳು ಗಿಡವನ್ನು ತಿಂದಾಗ ಈ ಪ್ರೋಟೀನ್ ಅದರ ಕರುಳಿನ ಗೋಡೆಗೆ ಅಂಟಿಕೊಂಡು ತೂತು ಮಾಡುತ್ತದೆ, ಹುಳು ಸಾಯುತ್ತದೆ. ಭಾರತದಲ್ಲಿ 2002ರಲ್ಲಿ ಅನುಮತಿ ಸಿಕ್ಕ ಮೊದಲ ಬಿಟಿ ಹತ್ತಿಯಲ್ಲಿ ಕ್ರೈ1ಎಸಿ ಎಂಬ ಒಂದೇ ಪ್ರೋಟೀನ್ ಇತ್ತು. 2006ರಲ್ಲಿ ಬಂದ ಬೋಲ್‌ಗಾರ್ಡ್-2ರಲ್ಲಿ ಕ್ರೈ2ಎಬಿ ಕೂಡ ಸೇರಿತು. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಇದೇ.

ಹಸಿರು ಕಾಯಿಕೊರಕ ಮತ್ತು ಚುಕ್ಕೆ ಕಾಯಿಕೊರಕಗಳ ಮೇಲೆ ಬೋಲ್‌ಗಾರ್ಡ್-2 ಈಗಲೂ ಕೆಲಸ ಮಾಡುತ್ತಿದೆ. ಸೋತಿರುವುದು ಗುಲಾಬಿ ಕಾಯಿಕೊರಕದ ಎದುರು. ಗುಜರಾತಿನಲ್ಲಿ ಅದು ಮೊದಲು ಕ್ರೈ1ಎಸಿಗೆ ಒಗ್ಗಿತು, ಆಮೇಲೆ ಎರಡು ಪ್ರೋಟೀನ್ ಇರುವ ಗಿಡಕ್ಕೂ ಒಗ್ಗಿತು. ಅಲ್ಲಿಂದೀಚೆಗೆ ಕರ್ನಾಟಕವೂ ಸೇರಿ ಮಧ್ಯ ಮತ್ತು ದಕ್ಷಿಣ ಭಾರತದ ಹತ್ತಿ ಸೀಮೆಯಲ್ಲೆಲ್ಲ ಇದೇ ತಲೆನೋವು.

ಇದಕ್ಕೆ ಮೂರು ಕಾರಣಗಳಿವೆ. ಗುಲಾಬಿ ಹುಳು ಹೆಚ್ಚುಕಡಿಮೆ ಹತ್ತಿಯನ್ನೇ ನಂಬಿ ಬದುಕುವಂಥದ್ದು. ಹಸಿರು ಕಾಯಿಕೊರಕವಾದರೆ ತೊಗರಿ, ಕಡಲೆ, ಟೊಮೆಟೊಗಳಲ್ಲೂ ಬೆಳೆಯುವುದರಿಂದ ಬಿಟಿ ಮುಟ್ಟದ ಹುಳುಗಳು ಸದಾ ಉಳಿದಿರುತ್ತವೆ. ಗುಲಾಬಿ ಹುಳುವಿಗೆ ಆ ಅವಕಾಶವಿಲ್ಲ.

ಎರಡನೆಯದು ಹೈಬ್ರಿಡ್ ಬೀಜದ ಗುಣ. ನೀವು ಬಿತ್ತಿದ ಗಿಡಗಳಲ್ಲೆಲ್ಲ ಎರಡೂ ವಂಶವಾಹಿಗಳಿರುತ್ತವೆ. ಆದರೆ ಆ ಗಿಡದ ಕಾಯಿಯೊಳಗೆ ಹುಟ್ಟುವ ಬೀಜ ಮುಂದಿನ ಪೀಳಿಗೆ, ಅಲ್ಲಿ ವಂಶವಾಹಿಗಳು ಹಂಚಿಹೋಗುತ್ತವೆ. ಸರಾಸರಿ 16 ಬೀಜಗಳಲ್ಲಿ 9ರಲ್ಲಿ ಎರಡೂ ಪ್ರೋಟೀನ್, 6ರಲ್ಲಿ ಒಂದೇ, 1ರಲ್ಲಿ ಎರಡೂ ಇಲ್ಲ. ಗುಲಾಬಿ ಹುಳು ತಿನ್ನುವುದು ಈ ಬೀಜವನ್ನೇ. ಹೀಗಾಗಿ ಒಂದೇ ಕಾಯಿಯಲ್ಲಿ ಅದಕ್ಕೆ ಅರೆಬರೆ ವಿಷವೂ ಸಿಗುತ್ತದೆ, ವಿಷವಿಲ್ಲದ ಊಟವೂ ಸಿಗುತ್ತದೆ. ನಿರೋಧಕತೆ ಬೆಳೆಯಲು ಇದಕ್ಕಿಂತ ಅನುಕೂಲ ಬೇಕಿಲ್ಲ. ಮೂರನೆಯ ಕಾರಣ, ನಾವು ಆಶ್ರಯ ಬೆಳೆಯನ್ನು, ಅಂದರೆ ಜೊತೆಗೆ ಹಾಕಬೇಕಾದ ಬಿಟಿ ಅಲ್ಲದ ಹತ್ತಿಯನ್ನು, ಕೈಬಿಟ್ಟದ್ದು.

ಹಂತ 1: ಬೀಜದ ಆಯ್ಕೆ

140ರಿಂದ 160 ದಿನದೊಳಗೆ ಮುಗಿಯುವ, ಹೆಚ್ಚಿನ ಕಾಯಿ ಒಟ್ಟಿಗೆ ಬಲಿಯುವ ಹೈಬ್ರಿಡ್ ಆರಿಸಿ. 180 ದಿನ ಮೀರುವ ತಳಿ ಎಷ್ಟೇ ದೊಡ್ಡ ಕಾಯಿ ಕೊಟ್ಟರೂ ಹುಳುವಿಗೆ ಒಂದೆರಡು ತಲೆಮಾರು ಹೆಚ್ಚಿಗೆ ಬೆಳೆಯಲು ಜಾಗ ಕೊಡುತ್ತದೆ. ಅಂಗಡಿಯವರು “ಮೂರು ಬಿಡಿಸು ಜಾಸ್ತಿ ಬರುತ್ತೆ” ಎಂದು ಹೇಳುವ ತಳಿಯನ್ನು ನೀರಾವರಿ ಇದ್ದವರೂ ಬಿಡುವುದು ಒಳ್ಳೆಯದು.

ರಸೀದಿ ಮತ್ತು ಲಾಟ್ ನಂಬರ್ ಇರುವ ಖಾಲಿ ಪೊಟ್ಟಣವನ್ನು ಬೆಳೆ ಮುಗಿಯುವವರೆಗೆ ಇಟ್ಟುಕೊಳ್ಳಿ. ಬೀಜದ ತಕರಾರು ಎದ್ದರೆ ಕೃಷಿ ಇಲಾಖೆ ಮೊದಲು ಕೇಳುವುದು ಇವನ್ನೇ.

ಎಚ್ಚರಿಕೆ: ಕಳೆನಾಶಕ ಹೊಡೆದರೂ ಸಾಯದ ಹತ್ತಿ ಎಂದು ಬಿಡಿಯಾಗಿ ಮಾರುವ ಬೀಜಕ್ಕೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಅದರಲ್ಲಿ ಬಿಟಿ ವಂಶವಾಹಿ ಎಷ್ಟಿದೆ, ಆಶ್ರಯ ಬೀಜ ಇದೆಯೇ ಎಂಬುದಕ್ಕೆ ಯಾರೂ ಹೊಣೆಯಲ್ಲ. ಕಳೆದ ವರ್ಷದ ಹತ್ತಿಯ ಬೀಜವನ್ನೇ ಎತ್ತಿಟ್ಟು ಬಿತ್ತುವುದೂ ಬೇಡ. ಮೇಲೆ ಹೇಳಿದಂತೆ ಅದರಲ್ಲಿ ಕೆಲವು ಗಿಡಕ್ಕೆ ಒಂದೇ ಪ್ರೋಟೀನ್ ಇರುತ್ತದೆ, ಅಂಥ ಗಿಡವೇ ಹುಳುವನ್ನು ಒಗ್ಗಿಸುವುದು.

ಹಂತ 2: ಆಶ್ರಯ ಬೆಳೆ

ಹೆಚ್ಚು ಪ್ರಶ್ನೆ ಬರುವುದು ಇಲ್ಲೇ, ತಪ್ಪು ತಿಳಿವಳಿಕೆ ಜಾಸ್ತಿ ಇರುವುದೂ ಇಲ್ಲೇ. ಆಶ್ರಯ ಬೆಳೆ ಎಂದರೆ ಬಿಟಿ ಹತ್ತಿಯ ಜೊತೆಗೆ ಬೆಳೆಸುವ ಬಿಟಿ ಅಲ್ಲದ ಹತ್ತಿ. ತಾಯಿ ತಂದೆ ಇಬ್ಬರಿಂದಲೂ ನಿರೋಧಕ ಗುಣ ಬಂದ ಹುಳು ಮಾತ್ರ ಬಿಟಿ ತಿಂದು ಬದುಕುತ್ತದೆ. ಆಶ್ರಯದಲ್ಲಿ ಬೆಳೆದ ಸಾಮಾನ್ಯ ಪತಂಗ ಬಿಟಿ ಗಿಡದಲ್ಲಿ ಉಳಿದ ನಿರೋಧಕ ಪತಂಗದ ಜೊತೆ ಕೂಡಿದರೆ, ಹುಟ್ಟುವ ಮರಿಗೆ ಆ ಗುಣ ಒಂದೇ ಕಡೆಯಿಂದ ಬರುತ್ತದೆ. ಅದು ಬಿಟಿ ತಿಂದರೆ ಸಾಯುತ್ತದೆ. ಅಂದರೆ ಆಶ್ರಯದ ಸಾಲಿನಲ್ಲಿ ಒಂದಷ್ಟು ಹುಳು ಬದುಕಿರಲೇಬೇಕು, ಅದನ್ನು ಹಾಕುವುದೇ ಅದಕ್ಕಾಗಿ.

ಮೊದಲಿನ ನಿಯಮದಲ್ಲಿ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜದ ಬೇರೆ ಪೊಟ್ಟಣ ಬರುತ್ತಿತ್ತು. ಬಹಳಷ್ಟು ಹೊಲಗಳಲ್ಲಿ ಆ ಚಿಕ್ಕ ಪೊಟ್ಟಣವನ್ನು ಬದುವಿಗೆ ಎಸೆದರು. ಅದಕ್ಕೇ ಈಗ ಎರಡನ್ನೂ ಬೆರೆಸಿದ 475 ಗ್ರಾಂ ಪೊಟ್ಟಣ ಬಂದಿದೆ. ಅದರಲ್ಲಿ ಶೇ 5ರಿಂದ 10ರಷ್ಟು ಬಿಟಿ ಅಲ್ಲದ ಬೀಜ ಇರುತ್ತದೆ. ನಿಮ್ಮದು ಯಾವ ಬಗೆಯದೆಂದು ಪೊಟ್ಟಣದ ಮೇಲೆ ಓದಿಕೊಳ್ಳಿ.

ಬೆರೆಸಿದ ಪೊಟ್ಟಣವಾದರೆ: ಬಿತ್ತುವ ಮುಂಚೆ ಬೀಜವನ್ನೆಲ್ಲ ಅಗಲ ಬೋಗುಣಿಗೆ ಸುರಿದು ಕೈಯಾಡಿಸಿ. ಹುಟ್ಟಿದ ಸಸಿಗಳಲ್ಲಿ ಯಾವುದು ಬಿಟಿ, ಯಾವುದು ಅಲ್ಲ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಹುಳು ಹೆಚ್ಚು ಕಂಡರೆ “ಈ ಬೀಜ ಖೋಟಾ” ಎಂದು ಕಿತ್ತುಹಾಕಬೇಡಿ. ನೂರರಲ್ಲಿ ಐದರಿಂದ ಹತ್ತು ಗಿಡ ಹಾಗಿರುವುದು ಲೆಕ್ಕಾಚಾರದೊಳಗಿನದೇ.

ಬೇರೆಯಾಗಿ ಹಾಕುವುದಾದರೆ: ಹೊಲದ ಸುತ್ತ ಐದು ಸಾಲು ಅಥವಾ ಒಟ್ಟು ವಿಸ್ತೀರ್ಣದ ಶೇ 20, ಎರಡರಲ್ಲಿ ಯಾವುದು ಹೆಚ್ಚೋ ಅದು. ಚೌಕಾಕಾರದ ಒಂದು ಎಕರೆಯಲ್ಲಿ 90 ಸೆಂ.ಮೀ. ಅಂತರದ ಐದು ಸಾಲು ಸುತ್ತಲೂ ಬಂದರೆ ಸುಮಾರು 10 ಗುಂಟೆ ಹಿಡಿಯುತ್ತದೆ, ಅಷ್ಟು ಸಾಕು. ಐದು ಎಕರೆಯಲ್ಲಿ ಅದೇ ಐದು ಸಾಲು ಶೇ 12ರ ಆಸುಪಾಸಿಗೆ ನಿಲ್ಲುವುದರಿಂದ, ಅಲ್ಲಿ ಒಟ್ಟು ಒಂದು ಎಕರೆಯಷ್ಟನ್ನು ಬಿಟಿ ಅಲ್ಲದ ಹತ್ತಿಗೆ ಬಿಡಬೇಕು.

ಇಲ್ಲಿ ಆಗುವ ತಪ್ಪುಗಳು ಇವು. ಆಶ್ರಯಕ್ಕೆ ತೊಗರಿ ಹಾಕಿದರೆ ಹಸಿರು ಕಾಯಿಕೊರಕಕ್ಕೆ ಆದೀತು, ಗುಲಾಬಿ ಹುಳುವಿಗೆ ಆಗದು. ಅದು ತೊಗರಿಯನ್ನು ಮುಟ್ಟುವುದೇ ಇಲ್ಲ. ಧಾರವಾಡ ಸೀಮೆಯ ಜಯಧರದಂಥ ದೇಸಿ ಹತ್ತಿಯೂ ಹೊಂದುವುದಿಲ್ಲ, ಏಕೆಂದರೆ ಅದರ ಬಿತ್ತನೆಯೂ ಹೂವೂ ತಡ. ಎರಡೂ ಕಡೆಯ ಪತಂಗಗಳು ಒಂದೇ ವಾರದಲ್ಲಿ ಹೊರಬಿದ್ದರೆ ಮಾತ್ರ ಕೂಡುತ್ತವೆ. ಆಶ್ರಯದ ಸಾಲನ್ನು ಬಿಟಿ ಬಿತ್ತಿದ ದಿನವೇ ಬಿತ್ತಿ, ಅದೇ ಗೊಬ್ಬರ, ಅದೇ ನೀರು ಕೊಡಿ. ಆ ಸಾಲಿಗೆಂದೇ ಬಿಟಿ ಬ್ಯಾಕ್ಟೀರಿಯಾದ ದ್ರಾವಣ ಹೊಡೆಯುವುದಂತೂ ಪೂರ್ತಿ ಉಲ್ಟಾ ಕೆಲಸ.

ಹಂತ 3: ಬಿತ್ತನೆಯ ಕಾಲ

ಉತ್ತರ ಕರ್ನಾಟಕದ ಮಳೆಯಾಶ್ರಯದಲ್ಲಿ ಜೂನ್‌ನಿಂದ ಜುಲೈ ನಡುವಿನವರೆಗೆ, ಊರಿನವರೆಲ್ಲ ಎರಡು ಮೂರು ವಾರದೊಳಗೆ ಬಿತ್ತಿ ಮುಗಿಸಿದರೆ ಒಳ್ಳೆಯದು. ನೀರಿದೆಯೆಂದು ಒಬ್ಬರು ಮೇ ತಿಂಗಳಲ್ಲೇ ಬಿತ್ತಿದರೆ, ಮಣ್ಣಿನಿಂದ, ಹಳೆ ಕಟ್ಟಿಗೆಯಿಂದ ಎದ್ದ ಪತಂಗಕ್ಕೆ ಮೊದಲ ಮೊಗ್ಗು ಅಲ್ಲೇ ಸಿಗುತ್ತದೆ. ಅಲ್ಲಿ ಬೆಳೆದ ಸಂತತಿ ಪಕ್ಕದ ಹೊಲಕ್ಕೆ ಹೋಗುತ್ತದೆ. ಮೈಸೂರು, ಚಾಮರಾಜನಗರದ ಕಡೆ ಮುಂಗಾರು ಪೂರ್ವದ ಮಳೆಗೇ ಬಿತ್ತುವ ರೂಢಿ ಇರುವುದರಿಂದ ಅಲ್ಲಿನವರು ಈ ಲೇಖನದ ತಿಂಗಳುಗಳನ್ನು ಬಿಟ್ಟು ಬೆಳೆಯ ವಯಸ್ಸಿನ ದಿನಗಳನ್ನಷ್ಟೇ ಹಿಡಿಯಿರಿ.

ಯೂರಿಯಾ ಶಿಫಾರಸಿಗಿಂತ ಹೆಚ್ಚು ಹಾಕಬೇಡಿ. ಗಿಡ ಸೊಕ್ಕಿ ಬೆಳೆದರೆ ಹೂಬಿಡುವುದು ಉದ್ದವಾಗುತ್ತದೆ, ಬೆಳೆ ಮುಗಿಯುವುದು ತಡವಾಗುತ್ತದೆ.

ಹಂತ 4: ಮೊದಲ 60 ದಿನ

ಬಿಟಿ ಪ್ರೋಟೀನ್ ರಸ ಹೀರುವ ಕೀಟಕ್ಕೆ ತಾಗುವುದಿಲ್ಲ. ಜಿಗಿಹುಳು, ಥ್ರಿಪ್ಸ್, ಸಸ್ಯಹೇನು ಕಂಡ ಕೂಡಲೇ ಬೀಜ ಕೆಟ್ಟದೆಂದು ತೀರ್ಮಾನಿಸಬೇಡಿ. ಹೈಬ್ರಿಡ್ ಬೀಜಕ್ಕೆ ಕಂಪನಿಯವರೇ ಕೀಟನಾಶಕ ಲೇಪಿಸಿರುವುದರಿಂದ ಮೊದಲ ಕೆಲವು ವಾರ ರಕ್ಷಣೆ ಇರುತ್ತದೆ.

ಈ ಅವಧಿಯಲ್ಲಿ ಕಟು ರಾಸಾಯನಿಕ ಹೊಡೆದರೆ ಜೇಡ, ಗುಲಗಂಜಿ ಹುಳು, ಕ್ರೈಸೋಪಾಗಳಂಥ ಮಿತ್ರಕೀಟಗಳು ಮೊದಲು ಸಾಯುತ್ತವೆ. ಬೇವಿನ ಬೀಜದ ಕಷಾಯವೇ ಸಾಕು: 5 ಕೆ.ಜಿ. ಬೇವಿನ ಬೀಜದ ತಿರುಳನ್ನು ಜಜ್ಜಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಲೀಟರ್‌ಗೆ ಏರಿಸಿ, 100 ಗ್ರಾಂ ಸಾಬೂನು ಪುಡಿ ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಿಗೆ ಅದರ ಸತ್ವ ಬೇಗ ಹೋಗುವುದರಿಂದ ಸಂಜೆಯೇ ಆಗಬೇಕು. ಮೊಗ್ಗು ಶುರುವಾದಾಗ ಒಮ್ಮೆ ಹೊಡೆದರೆ ಪತಂಗ ಮೊಟ್ಟೆಯಿಡುವುದೂ ಕಡಿಮೆಯಾಗುತ್ತದೆ.

ಹಂತ 5: ಬಲೆ, ಹೂ, ಕಾಯಿ: ಮೂರನ್ನೂ ಎಣಿಸುವುದು

ಗುಲಾಬಿ ಹುಳುವಿನ ಮರಿ ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಕಾಯಿಯೊಳಗೆ ಹೋಗುತ್ತದೆ, ಹೋದ ತೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ಯಾವ ಎಣ್ಣೆಯೂ ಅದನ್ನು ಮುಟ್ಟದು. ಆದ್ದರಿಂದ ಹೊರಗೆ ಹಾನಿ ಕಾಣುವವರೆಗೆ ಕಾಯುವಂತಿಲ್ಲ, ಹುಳುವಿಲ್ಲದೆ ವಾರ ವಾರ ಹೊಡೆಯುವಂತೆಯೂ ಇಲ್ಲ. ಎಣಿಸಿಯೇ ತೀರ್ಮಾನಿಸಬೇಕು.

ಬಲೆ: ಬೆಳೆಗೆ 45 ದಿನವಾದಾಗ ಎಕರೆಗೆ ಎರಡು ಮೋಹಕ ಬಲೆ ನಿಲ್ಲಿಸಿ. ಹೆಣ್ಣು ಪತಂಗದ ವಾಸನೆಯನ್ನು ಹೋಲುವ ಗಾಸಿಪ್ಲೂರ್ ಎಂಬ ಲ್ಯೂರ್ ಅದರೊಳಗಿರುತ್ತದೆ, ಗಂಡು ಪತಂಗಗಳು ಬಂದು ಬೀಳುತ್ತವೆ. ಬಲೆ ಗಿಡದ ತುದಿಗಿಂತ ಒಂದು ಅಡಿ ಮೇಲಿರಲಿ, ಗಿಡ ಬೆಳೆದಂತೆ ಏರಿಸುತ್ತಾ ಹೋಗಿ. ಮೂರು ವಾರಕ್ಕೊಮ್ಮೆ ಲ್ಯೂರ್ ಬದಲಿಸಿ. ಎಣ್ಣೆ ಮುಟ್ಟಿದ, ತಂಬಾಕು ತಿಕ್ಕಿದ ಕೈಯಲ್ಲಿ ಲ್ಯೂರ್ ಹಿಡಿಯಬೇಡಿ. ಬೇರೆ ಕೀಟದ ಲ್ಯೂರನ್ನು ಅದೇ ಬಲೆಯಲ್ಲಿ ಸೇರಿಸಬೇಡಿ. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಕ್ರಮ ಕೈಗೊಳ್ಳುವ ಹೊತ್ತು ಬಂದಿದೆ ಎಂದರ್ಥ. ಸತ್ತ ಪತಂಗವನ್ನು ದಿನಾ ಖಾಲಿ ಮಾಡದಿದ್ದರೆ ಈ ಲೆಕ್ಕಕ್ಕೆ ಬೆಲೆಯಿಲ್ಲ.

ಹೂ: ಹುಳು ಹೊಕ್ಕ ಹೂವಿನ ಎಸಳುಗಳು ರೇಷ್ಮೆಯಂಥ ಎಳೆಯಿಂದ ಒಂದಕ್ಕೊಂದು ಅಂಟಿಕೊಂಡು, ಅರಳದೆ, ಗುಲಾಬಿ ಮೊಗ್ಗಿನಂತೆ ತಿರುಚಿ ನಿಲ್ಲುತ್ತವೆ. ಬೆಳಗಿನ ಹೊತ್ತು ನೂರು ಹೂ ನೋಡಿ. ಹತ್ತು ಹೀಗಿದ್ದರೆ ಮಿತಿ ಮುಟ್ಟಿದಂತೆ. ಕಂಡಷ್ಟನ್ನು ಕಿತ್ತು ಚೀಲಕ್ಕೆ ಹಾಕಿ ಸುಟ್ಟುಬಿಡಿ, ಸಾಲಿನಲ್ಲೇ ಬಿಸಾಡಬೇಡಿ.

ಕಾಯಿ: ಇದೇ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. ಎಕರೆಗೆ 20 ಗಿಡದಿಂದ, ಗಿಡಕ್ಕೆ ಒಂದರಂತೆ, ಎರಡು ಮೂರು ವಾರ ವಯಸ್ಸಿನ, ಒತ್ತಿದರೆ ಇನ್ನೂ ಮೆತ್ತಗಿರುವ ಹಸಿರು ಕಾಯಿ ಕೀಳಿ. ಬದುವಿನ ಸಾಲಿನಿಂದಲೇ ಎಲ್ಲವನ್ನೂ ತರಬೇಡಿ, ಹೊಲದೊಳಗೆ ಅಡ್ಡಾಡಿ ತನ್ನಿ. ಚಾಕುವಿನಿಂದ ಎಸಳಿನ ಗೆರೆಯುದ್ದಕ್ಕೂ ಸೀಳಿ, ಮೊದಲು ಒಳಸಿಪ್ಪೆ ನೋಡಿ: ನೀರುಗುಳ್ಳೆಯಂಥ ಚಿಕ್ಕ ಉಬ್ಬು ಇದ್ದರೆ ಹುಳು ಹೊಕ್ಕ ಗುರುತು ಅದು. ಆಮೇಲೆ ಅರಳೆ ಬಿಡಿಸಿ ಬೀಜ ನೋಡಿ. ಎಳೆಯ ಹುಳು ಬೆಳ್ಳಗಿದ್ದು ತಲೆ ಮಾತ್ರ ಕಂದು ಬಣ್ಣ, ಅಕ್ಕಿ ಕಾಳಿಗಿಂತ ಚಿಕ್ಕದು. ಬಲಿತ ಮೇಲಷ್ಟೇ ಗುಲಾಬಿ ಬಣ್ಣ ಬರುತ್ತದೆ. ಗುಲಾಬಿ ಇಲ್ಲವೆಂದು ಎಳೆಯ ಬಿಳಿ ಹುಳುವನ್ನು ಲೆಕ್ಕಕ್ಕೆ ಬಿಡುವುದು ಬಹಳ ಕಡೆ ಆಗುವ ತಪ್ಪು. ಇಪ್ಪತ್ತರಲ್ಲಿ ಎರಡು ಕಾಯಿಯಲ್ಲಿ ಜೀವಂತ ಹುಳು ಸಿಕ್ಕರೆ ಸಿಂಪಡಣೆ ಬೇಕು, ಒಂದೋ ಸೊನ್ನೆಯೋ ಆದರೆ ಮುಂದಿನ ವಾರ ಮತ್ತೆ ನೋಡಿ.

ಬೆಂಗಳೂರಿನಲ್ಲಿ ಕೂತು ಹೊಲ ನೋಡಿಕೊಳ್ಳುವವರು ಊರಿನವರಿಗೆ “ಹುಳು ಇದೆಯಾ?” ಎಂದು ಕೇಳಿದರೆ ಸಿಗುವ ಉತ್ತರ ಅಂದಾಜಿನದು. ಬದಲಿಗೆ 20 ಕಾಯಿ ಸೀಳಿ ಸಾಲಾಗಿಟ್ಟ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ವಾರಕ್ಕೊಮ್ಮೆ ತರಿಸಿಕೊಳ್ಳಿ. ಎಣಿಸುವುದನ್ನು ನೀವೇ ಮಾಡಬಹುದು.

ಹಂತ 6: ಪರತಂತ್ರ ಜೀವಿ

ಟ್ರೈಕೊಗ್ರಾಮಟಾಯ್ಡಿಯಾ ಬ್ಯಾಕ್ಟ್ರೇ ಎಂಬ ಅತಿ ಚಿಕ್ಕ ಕಣಜ ಗುಲಾಬಿ ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಎಕರೆಗೆ 60,000ದಂತೆ ವಾರದ ಅಂತರದಲ್ಲಿ ಮೂರು ಸಲ ಬಿಡುವುದು ರೂಢಿ. ಈ ಕಣಜವಿರುವ ಮೊಟ್ಟೆಗಳನ್ನು ಅಂಟಿಸಿದ ಕಾರ್ಡ್ ಕೊಳ್ಳುವಾಗ ಹೆಸರನ್ನು ನೋಡಿ, ಕಬ್ಬಿಗೆ ಬಳಸುವ ಟ್ರೈಕೊ ಕಾರ್ಡ್ ಬೇರೆ ಜಾತಿಯದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇಂಥ ಜೀವಿಗಳ ಮೇಲೆಯೇ ಕೆಲಸ ಮಾಡುವ ಸಂಸ್ಥೆ, ಯಾವ ಜಾತಿ ಎಲ್ಲಿ ಸಿಗುತ್ತದೆ ಎಂದು ಅಲ್ಲಿ ವಿಚಾರಿಸಬಹುದು. ಕಾರ್ಡನ್ನು ಎಲೆಯ ಕೆಳಗೆ ಸಂಜೆ ಸಿಕ್ಕಿಸಿ. ಮುಂದೆ ಒಂದು ವಾರ ಎಣ್ಣೆ ಮುಟ್ಟಬೇಡಿ, ಇಲ್ಲದಿದ್ದರೆ ಹಣ ಹೋದಂತೆಯೇ.

ಹಂತ 7: ಎಣ್ಣೆ ಹೊಡೆಯಲೇಬೇಕಾದರೆ

ಮಿತಿ ದಾಟಿದಾಗ ಮಾತ್ರ, ಒಂದು ಸಲಕ್ಕೆ ಒಂದೇ ಔಷಧ. ಎಲ್ಲ ಪ್ರಮಾಣವೂ ಲೀಟರ್ ನೀರಿಗೆ, ಕೈಪಂಪಿಗೆ ಎಕರೆಗೆ ಸುಮಾರು 200 ಲೀಟರ್ ನೀರಿನ ಲೆಕ್ಕದಲ್ಲಿ:

60ರಿಂದ 90 ದಿನದಲ್ಲಿ ಪ್ರೊಫೆನೊಫಾಸ್ 50 ಇಸಿ 2 ಮಿ.ಲೀ. 90ರಿಂದ 120 ದಿನದಲ್ಲಿ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಅರ್ಧ ಗ್ರಾಂ. 120 ದಿನ ದಾಟಿದ ಮೇಲೆ, ಅದೂ ಒಂದೇ ಸಲ, ಲ್ಯಾಂಬ್ಡಾ ಸೈಹಾಲೊಥ್ರಿನ್ 5 ಇಸಿ 1 ಮಿ.ಲೀ. ಡಬ್ಬಿಯ ಲೇಬಲ್ಲಿನಲ್ಲಿ ಬೇರೆ ಪ್ರಮಾಣ ಇದ್ದರೆ ಅದನ್ನೇ ಪಾಲಿಸಿ. ಪವರ್ ಸ್ಪ್ರೇಯರ್ ಕಡಿಮೆ ನೀರಿನಲ್ಲಿ ಎಕರೆ ಮುಗಿಸುವುದರಿಂದ, ಅದಕ್ಕೆ ಲೀಟರಿನ ಲೆಕ್ಕ ಬಿಟ್ಟು ಎಕರೆಗೆ ಬೇಕಾದ ಔಷಧದ ಲೆಕ್ಕ ಹಿಡಿಯಿರಿ.

ಔಷಧ ಬದಲಿಸುವುದೆಂದರೆ ಡಬ್ಬಿಯ ಹೆಸರು ಬದಲಿಸುವುದಲ್ಲ, ಅದು ಕೀಟವನ್ನು ಕೊಲ್ಲುವ ರೀತಿ ಬದಲಾಗಬೇಕು. ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್, ಥಯೋಡಿಕಾರ್ಬ್ ಮೂರೂ ಹುಳುವಿನ ನರದಲ್ಲಿ ಒಂದೇ ಕಿಣ್ವವನ್ನು ಹಿಡಿಯುತ್ತವೆ. ಮೂರನ್ನೂ ಸರದಿಯಲ್ಲಿ ಹೊಡೆದವರು ಬದಲಿಸಿದೆವೆಂದು ಭಾವಿಸುತ್ತಾರೆ, ಹುಳುವಿಗೆ ಮಾತ್ರ ಒಂದೇ ಪೆಟ್ಟು ಮೂರು ಸಲ ಬಿದ್ದಂತೆ. ಎಮಾಮೆಕ್ಟಿನ್ ಬೇರೆ ಗುಂಪು, ಕ್ಲೋರಾಂಟ್ರಾನಿಲಿಪ್ರೋಲ್ ಬೇರೆ, ಪೈರೆಥ್ರಾಯ್ಡ್‌ಗಳೆಂದು ಕರೆಯುವ ಸೈಪರ್‌ಮೆಥ್ರಿನ್, ಫೆನ್ವಲರೇಟ್, ಲ್ಯಾಂಬ್ಡಾ ಎಲ್ಲ ಒಂದು ಗುಂಪು. ಕೊಳ್ಳುವಾಗ ಲೇಬಲ್ಲಿನಲ್ಲಿ ಕಂಪನಿಯ ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿರುವ ಮೂಲ ಔಷಧದ ಹೆಸರು ಓದಿ.

ಪೈರೆಥ್ರಾಯ್ಡ್‌ಗಳನ್ನು ಬೇಗ ಹೊಡೆದರೆ ಬಿಳಿನೊಣ ಉಕ್ಕುತ್ತದೆ. ಕೊನೆಗೆ ಇಟ್ಟುಕೊಳ್ಳಲು ಹೇಳುವುದು ಅದಕ್ಕೇ. ಮೊನೊಕ್ರೊಟೊಫಾಸ್ ಹೊಡೆದರೆ ಗಿಡ ಹೊಸದಾಗಿ ಚಿಗುರಿ ಬೆಳೆ ಮುಗಿಯುವುದು ಮುಂದಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಮೂರು ಔಷಧ ಬೆರೆಸಿ ಕೊಡುವ ‘ಕಾಂಬಿನೇಷನ್’ ಬೇಡವೆಂದು ಖಡಾಖಂಡಿತವಾಗಿ ಹೇಳಿ. 2017ರಲ್ಲಿ ಮಹಾರಾಷ್ಟ್ರದ ಯವತ್‌ಮಾಳದಲ್ಲಿ ಹತ್ತಿಗೆ ಸಿಂಪಡಿಸುವಾಗ ವಿಷ ಏರಿ ರೈತರೂ ಕೂಲಿಕಾರರೂ ಸತ್ತರು. ತಲೆಯೆತ್ತರದ ಹತ್ತಿಯಲ್ಲಿ ಔಷಧದ ಹನಿ ನೇರ ಮುಖಕ್ಕೇ ಬರುತ್ತದೆ. ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ, ಗಾಳಿಗೆ ಎದುರಾಗಿ ಯಾರಿಂದಲೂ ಹೊಡೆಸಬೇಡಿ. ನೀವು ಹೊಲದಲ್ಲಿಲ್ಲದಿದ್ದರೂ ಆ ಹೊಣೆ ನಿಮ್ಮದೇ.

ಹಂತ 8: ಬೆಳೆ ಮುಗಿಸುವುದು

ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸಲು ಸಾಧ್ಯವಿದ್ದರೆ ಇದನ್ನು ಪಾಲಿಸಿ. ಜೂನ್-ಜುಲೈ ಬಿತ್ತನೆಯ ಬೆಳೆ ಡಿಸೆಂಬರ್ ಕೊನೆಯೊಳಗೆ ಹೊಲ ಬಿಡಬೇಕು. ಗಿಡಕ್ಕೆ ನೂರು ದಿನ ದಾಟಿದ ಮೇಲೆ ಬಿಟಿ ಪ್ರೋಟೀನಿನ ಪ್ರಮಾಣ ಇಳಿಯುತ್ತದೆ. ಕಡಿಮೆ ವಿಷ, ತಂಪು ಹವೆ, ಹೊಸ ಕಾಯಿ: ನವೆಂಬರ್ ನಂತರ ಹುಳುವಿನ ಸಂಖ್ಯೆ ಏರುವುದು, ನಿರೋಧಕ ಹುಳುಗಳು ಆಯ್ದು ಉಳಿಯುವುದು ಆಗಲೇ. ಚಳಿಗಾಲದಲ್ಲಿ ಬಲಿತ ಹುಳು ಎರಡು ಬೀಜಗಳನ್ನು ಅಂಟಿಸಿಕೊಂಡು ಅವುಗಳೊಳಗೆ ತಿಂಗಳುಗಟ್ಟಲೆ ಮಲಗಿಬಿಡುತ್ತದೆ, ಮುಂದಿನ ಬೆಳೆಗೆ ಎದ್ದು ಬರುತ್ತದೆ. ಕೊನೆಯ ಬಿಡಿಸಿನ ಎರಡು ಕ್ವಿಂಟಲ್ ಹತ್ತಿಗಾಗಿ ಬೆಳೆಯನ್ನು ಎರಡು ತಿಂಗಳು ಹೆಚ್ಚಿಗೆ ನಿಲ್ಲಿಸಿದರೆ ಸಿಗುವುದು ಕಲೆ ಬಿದ್ದ, ದರ ಕಡಿಮೆಯಾದ ಅರಳೆ. ಅದಕ್ಕೆ ತಗಲುವ ಬಿಡಿಸುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿದು ನೋಡಿ.

ಕೆಲಸದ ಕ್ರಮ ಹೀಗೆ. ನವೆಂಬರ್ ನಡುವಿಗೆ ನೀರು ನಿಲ್ಲಿಸಿ. ಮುಖ್ಯ ಬಿಡಿಸು ಮುಗಿದ ಕೂಡಲೇ ಅರೆಬಿರಿದ, ಬಿರಿಯದ ಕಾಯಿಗಳನ್ನು ಬೇರೆ ಆಯ್ದು ಸುಟ್ಟುಹಾಕಿ. ಕುರಿ ಮಂದೆ ಬಿಡಿಸಿ. ಉಳಿದ ಎಲೆ, ಎಳೆ ಕಾಯಿಗಳನ್ನು ಅವು ತಿಂದು ಮುಗಿಸುತ್ತವೆ, ಗೊಬ್ಬರವೂ ಸಿಗುತ್ತದೆ. ಆದರೆ ಎಣ್ಣೆ ಹೊಡೆದು ಲೇಬಲ್ಲಿನಲ್ಲಿ ಹೇಳಿದ ದಿನಗಳು ಕಳೆಯುವ ಮುಂಚೆ ಮಂದೆ ಬಿಡಬೇಡಿ, ಕುರಿಗಾರರಿಗೆ ಹೊಡೆದ ದಿನ ತಿಳಿಸಿಬಿಡಿ. ಬಳಿಕ ಗಿಡವನ್ನು ಬೇರುಸಹಿತ ಕೀಳಿಸಿ, ಇಲ್ಲವೆ ಶ್ರೆಡ್ಡರ್ ಯಂತ್ರದಿಂದ ಪುಡಿ ಮಾಡಿ ಮಣ್ಣಿಗೆ ಸೇರಿಸಿ, ಆಳವಾಗಿ ಉಳುಮೆ ಮಾಡಿ. ಗಿಡದ ಬುಡ ಉಳಿಸಿ ಕೂಳೆ ಬೆಳೆ ತೆಗೆಯುವುದಂತೂ ಬೇಡವೇ ಬೇಡ.

ಸೌದೆಗೆಂದು ಹತ್ತಿ ಕಟ್ಟಿಗೆಯನ್ನು ಬದುವಿನಲ್ಲಿ ಬಣವೆ ಒಟ್ಟುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಒಣಗಿದ ಕಾಯಿಗಳು ಸಿಕ್ಕಿಕೊಂಡಿದ್ದರೆ ಹುಳುವಿಗೆ ಅದೇ ಮಳೆಗಾಲದವರೆಗಿನ ಮನೆ. ಸೌದೆ ಬೇಕೇ ಬೇಕೆಂದರೆ ಕಾಯಿಗಳನ್ನೆಲ್ಲ ತೆಗೆಸಿ, ಮುಂದಿನ ಬಿತ್ತನೆಗೆ ಮುಂಚೆ ಉರಿಸಿ ಮುಗಿಸಿ. ಬಿಡಿಸಿದ ಹತ್ತಿಯನ್ನು ಮನೆಯಲ್ಲಿ ಬೇಸಿಗೆವರೆಗೆ ಇಡುವುದಾದರೆ ಆ ಕೋಣೆಯಲ್ಲೂ ಒಂದು ಮೋಹಕ ಬಲೆ ತೂಗುಹಾಕಿ. ಜಿನ್ನಿಂಗ್ ಮಿಲ್ಲಿನ ಪಕ್ಕದ ಹೊಲದವರು ಮಿಲ್ಲಿನ ಆವರಣದಲ್ಲೂ ಬಲೆ ಹಾಕುವಂತೆ ಒತ್ತಾಯಿಸಬೇಕು. ಬೀಜದ ರಾಶಿಯಿಂದ ಎದ್ದ ಪತಂಗ ಮೊದಲು ಹೋಗುವುದು ಅವರ ಹೊಲಕ್ಕೇ.

ಹೊಲದಲ್ಲಿ ಹತ್ತಿ ಇಲ್ಲದ ಐದಾರು ತಿಂಗಳು ಸಿಗಬೇಕು. ತೇವ ಉಳಿದಿದ್ದರೆ, ನೀರಿದ್ದರೆ ಆ ಹೊತ್ತಿಗೆ ಹೊಂದುವ ಕಾಳು, ಶೇಂಗಾ ಹಾಕಿ. ಬೆಂಡೆ, ಪುಂಡಿ ಹತ್ತಿಯ ಬಳಗದವೇ ಆದ್ದರಿಂದ ಹತ್ತಿಯ ಬೆನ್ನಿಗೇ ಅವು ಬೇಡ. ಅಮೆರಿಕದಲ್ಲಿ 2018ರಲ್ಲಿ ಗುಲಾಬಿ ಕಾಯಿಕೊರಕವನ್ನು ಹತ್ತಿ ಸೀಮೆಗಳಿಂದ ನಿರ್ಮೂಲ ಮಾಡಿದ್ದೇವೆಂದು ಘೋಷಿಸಿದರು. ಬಿಟಿ ಬೀಜದ ಜೊತೆಗೆ ಬಂಜೆ ಪತಂಗಗಳ ಬಿಡುಗಡೆ, ಪತಂಗಗಳ ಕೂಡುವಿಕೆಗೆ ಅಡ್ಡಿಪಡಿಸುವ ವಾಸನೆ, ಗಡುವಿನೊಳಗೆ ಕಟ್ಟಿಗೆ ನಾಶ ಎಲ್ಲವನ್ನೂ ಇಡೀ ಪ್ರದೇಶ ಒಟ್ಟಿಗೆ ಮಾಡಿತ್ತು.

ನಮ್ಮಲ್ಲಿ ಒಬ್ಬರ ಹೊಲದಿಂದ ಅದು ಆಗದು. ಬಿತ್ತನೆಯ ವಾರ ಮತ್ತು ಕಟ್ಟಿಗೆ ಕೀಳುವ ಗಡುವು, ಇವೆರಡನ್ನಾದರೂ ಅಕ್ಕಪಕ್ಕದ ಹೊಲದವರ ಜೊತೆ ಕೂತು ಒಪ್ಪಿಕೊಳ್ಳಿ. ರೈತ ಸಂಪರ್ಕ ಕೇಂದ್ರದ ಅಧಿಕಾರಿಯನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಆ ಕೂಟಕ್ಕೆ ಕರೆಯಿರಿ. ಹೊಲವನ್ನು ಲಾವಣಿಗೆ ಕೊಟ್ಟು ಬೆಂಗಳೂರಿನಲ್ಲಿ ಇರುವವರು ಮುಂದಿನ ವರ್ಷದ ಮಾತುಕತೆಯಲ್ಲಿ ಹಣದ ಜೊತೆಗೆ ಇನ್ನೊಂದು ಷರತ್ತನ್ನೂ ಬರೆಸಿ: ಡಿಸೆಂಬರ್ 31ರೊಳಗೆ ಹತ್ತಿ ಕಟ್ಟಿಗೆ ಹೊಲದಲ್ಲೂ ಬದುವಿನಲ್ಲೂ ಇರಕೂಡದು. ಕೀಳಿಸುವ ಕೂಲಿಯಲ್ಲಿ ಅರ್ಧವನ್ನು ನೀವು ಕೊಡಲು ಒಪ್ಪಿದರೆ ಆ ಷರತ್ತು ನಡೆಯುವ ಸಾಧ್ಯತೆ ಹೆಚ್ಚು.